ಸೆಂಟ್ ಹಾಕಿದವರಿಗೆ ಪ್ರವೇಶವಿಲ್ಲ

"ಸೆಂಟ್ ಹಾಕಿದ್ದೀರಾ?"

ಬಾಗಿಲಿಗೆ ಅಡ್ಡ ನಿಂತವನು ಕೇಳಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅವಳ ಕೈ ತಾನಾಗಿಯೇ ಕೊರಳಿನ ಸ್ಕಾರ್ಫಿಗೆ ಹೋಯಿತು.

"ಇಲ್ಲ" ಎಂದಳು.

ಹಸಿ ಸುಳ್ಳು! ಆರು ವರ್ಷದಿಂದ ಸೆಂಟಿನ ಅಂಗಡಿಯ ಕೌಂಟರಿನಲ್ಲಿ ನಿಂತು, ದಿನವಿಡೀ ಗಿರಾಕಿಗಳ ಮಣಿಕಟ್ಟಿಗೆ ಬಾಟಲಿ ಒತ್ತುವವಳು ಅವಳು. ಗುಲಾಬಿ, ಗಂಧ, ಕಸ್ತೂರಿ ಎಲ್ಲ ಅವಳ ಕೋಟಿಗೆ ಹತ್ತಿ ಕೂತಿದ್ದವು. ಒಗೆದರೂ ಹೋಗುತ್ತಿರಲಿಲ್ಲ.

ಅದು ದ್ರಾಕ್ಷಿ ತೋಟದೊಳಗಿನ ವೈನ್ ರುಚಿ ನೋಡುವ ಕೋಣೆ. ಸೆಂಟಿನ ವಾಸನೆ ಬಂದರೆ ವೈನಿನ ವಾಸನೆ ಕೆಡುತ್ತದೆಂದು ಅಲ್ಲಿ ಕಟ್ಟುನಿಟ್ಟಿನ ನಿಯಮ. ಅವನು ಅಲ್ಲಿನ ಟೇಸ್ಟರ್. ಯಾವ ಪೀಪಾಯಿಯ ವೈನನ್ನು ಯಾವುದಕ್ಕೆ ಬೆರೆಸಬೇಕೆಂದು ಮೂಸಿ ಹೇಳುವುದು ಅವನ ಕೆಲಸ. ಅವಳ ಮುಂದೆ ನಿಂತಿದ್ದ, ಅವಳದೇ ಗುಂಪಿನ ನಿವೃತ್ತ ಟೀಚರ್ ಪಾಪ, ಸತ್ಯ ಹೇಳಿದ ತಪ್ಪಿಗೆ ಕತ್ತು ತೊಳೆದುಕೊಂಡು ಬರಲು ನಲ್ಲಿ ಹುಡುಕುತ್ತಾ ಹೋಗಿದ್ದರು.

ಅವಳಿಗೆ ಹಾಗೆ ಹೊರಗುಳಿಯುವುದು ಬೇಕಿರಲಿಲ್ಲ. ಮೂವತ್ತನಾಲ್ಕು ವರ್ಷಕ್ಕೆ ಗೆಳತಿಯರೊಂದಿಗೆ ಹೊರಟ ಮೊದಲ ಪ್ರವಾಸ ಇದು. ಆ ಗೆಳತಿಯರೂ ಮೊಬೈಲಿನಲ್ಲಿ ಸಿಕ್ಕವರೇ. ಒಂಟಿಯಾಗಿ ತಿರುಗುವವರ ಗುಂಪೊಂದಕ್ಕೆ ಸೇರಿ, ಮೂರು ತಿಂಗಳು ಬರೀ ಹೆಬ್ಬೆರಳಿನ ಚಿತ್ರ ಕಳಿಸುತ್ತಾ ಕೂತಿದ್ದಕ್ಕೆ ಅವರು ಅವಳಿಗಿಟ್ಟ ಹೆಸರು ಮೌನಿ.

ಟೇಸ್ಟರ್ ಅವಳ ಮುಖವನ್ನೇ ನೋಡಿದ. ಒಂದು ಮೊಳ ದೂರವೂ ಇರಲಿಲ್ಲ.

"ಸರಿ, ಬನ್ನಿ" ಎಂದು ಪಕ್ಕಕ್ಕೆ ಸರಿದ.

*ಗೊತ್ತಾಗಿಯೂ ಬಿಟ್ಟನಾ... ನನ್ನನ್ನಾ?*

ಮೌನಿಯ ಜೀವನದಲ್ಲಿ ಯಾರೂ ಅವಳಿಗಾಗಿ ಯಾವ ನಿಯಮವನ್ನೂ ಸಡಿಲಿಸಿದವರಲ್ಲ. ಸಾಲಿನಲ್ಲಿ ನಿಂತರೆ ಅವಳ ಸರದಿ ಬರುವಷ್ಟರಲ್ಲಿ ಕಿಟಕಿ ಮುಚ್ಚುತ್ತಿತ್ತು. ಮದುವೆ ಮಾತುಕತೆ ಎರಡು ಸಲ ನಡೆದು, ಎರಡು ಸಲವೂ ಗಂಡಿನವರು ಅವಳ ತಂಗಿಯನ್ನು ಕೇಳಿದ್ದರು. ಅಂಥವಳಿಗೆ ಒಂದು ಬಾಗಿಲು ತೆರೆದರೆ ಅದು ಬರೀ ಬಾಗಿಲಾಗಿ ಕಾಣುವುದಿಲ್ಲ ಎಂಬುದನ್ನು ಓದುಗರು ಅರ್ಥ ಮಾಡಿಕೊಳ್ಳಬೇಕು.

ಅವಳ ಹಿಂದೆಯೇ ನಿಂತಿದ್ದ ಇನ್ನೊಬ್ಬ ಗೆಳತಿಗೆ, ಗುಂಪಿನಲ್ಲಿ ರೀಲ್ಸ್ ರಾಣಿ ಎಂದು ಹೆಸರಾದವಳಿಗೆ, ಇದಿಷ್ಟೂ ಮೊಬೈಲಿನ ವಿಡಿಯೊದಲ್ಲಿ ಸಿಕ್ಕಿತ್ತು.

ತೋಟದ ಅತಿಥಿಗೃಹದಲ್ಲಿ ಅವರಿಗೆ ನಾಲ್ಕು ದಿನದ ವಾಸ. ತನ್ನ ಕೆಲಸವೇನೆಂದು ಯಾರೂ ಬಾಯಿ ಬಿಡಬಾರದು, ಬಿಟ್ಟರೆ ಕೋಣೆಗೆ ಸೇರಿಸುವುದಿಲ್ಲ ಎಂದು ಮೌನಿ ಗೆಳತಿಯರಿಂದ ಮಾತು ತೆಗೆದುಕೊಂಡಳು. ಅವತ್ತು ಕೋಣೆಯಲ್ಲಿ ಗ್ಲಾಸಿನ ವಾಸನೆಯನ್ನು ಸರಿಯಾಗಿ ಗುರುತಿಸಿದವಳು ಅವಳೊಬ್ಬಳೇ. ಮಾರನೆಯ ದಿನ ಟೇಸ್ಟರ್ ತಾನೇ ಬಂದು, ಪೀಪಾಯಿಗಳನ್ನು ನೋಡುತ್ತೀರಾ ಎಂದು ಕೇಳಿದ. ಇಬ್ಬರೇ ಹೋದರು. ಅವನು ಗ್ಲಾಸಿಗೆ ಒಂದು ಗುಟುಕು ಸುರಿದು ಅವಳ ಕೈಗೆ ಕೊಟ್ಟು, ಏನು ವಾಸನೆ ಬರುತ್ತದೆ ಎಂದು ಕೇಳಿದ.

ಕಿತ್ತಳೆ ಸಿಪ್ಪೆ ಎಂದಳು. ಇನ್ನೊಂದರಲ್ಲಿ ಹೊಸದಾಗಿ ಚೂಪು ಮಾಡಿದ ಪೆನ್ಸಿಲ್. ಮೂರನೆಯದು ಹುಳಿಗೆ ತಿರುಗುವ ಹಾಗಿದೆ, ಯಾಕೋ ಸರಿಯಿಲ್ಲ ಎಂದಳು. ಅವನು ಒಂದನ್ನೂ ಬಿಡದೆ ಪುಸ್ತಕದಲ್ಲಿ ಬರೆದುಕೊಂಡ. ಮೂರನೆಯ ದಿನವೂ ಕರೆದೊಯ್ದು ಹಾಗೆಯೇ ಬರೆದುಕೊಂಡ.

ತಾನಾಡಿದ ಮಾತನ್ನು ಒಬ್ಬ ಗಂಡಸು ಬರೆದಿಟ್ಟುಕೊಳ್ಳುತ್ತಾನೆ! ಮೌನಿ ಎಂಬ ಹೆಸರು ಮೂರು ದಿನದಲ್ಲಿ ಸುಳ್ಳಾಯಿತು. ಸಂಜೆ ತೋಟದ ಸಾಲುಗಳ ನಡುವೆ ನಡೆಯುವಾಗ ಅವಳು ತನ್ನ ಅಪ್ಪನ ಸಿಟ್ಟಿನಿಂದ ಹಿಡಿದು ತಂಗಿಯ ಮಗನ ಹಲ್ಲಿನವರೆಗೆ ಎಲ್ಲವನ್ನೂ ಹೇಳಿದಳು. ಅವನು ಚೆನ್ನಾಗಿ ಕೇಳಿಸಿಕೊಳ್ಳುತ್ತಿದ್ದ. ಅವನನ್ನು ಸಾಕಿ ಬೆಳೆಸಿದ್ದು ತೋಟದ ಯಜಮಾನಿಯಾದ ಸೋದರತ್ತೆಯಂತೆ. ಅತ್ತೆಗೆ ಎದುರಾಡಿದ್ದೇ ಇಲ್ಲವಂತೆ. ಅದನ್ನು ಹೇಳುವಾಗ ಅವನ ಮುಖ ಯಾಕೋ ಸಣ್ಣಗಾಯಿತು.

ಅವಳಿಗೆ ಅವನ ಮೇಲೆ ಮನಸ್ಸಾಗಿತ್ತು. ಅದನ್ನು ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಎಡವಟ್ಟಾಯಿತು. ರೀಲ್ಸ್ ರಾಣಿ ಬಾಗಿಲಿನ ವಿಡಿಯೊವನ್ನು ಉಪ್ಪು ಖಾರ ಹಚ್ಚಿ ಹಾಕಿದ್ದಳು. "ಸೆಂಟಿನ ಅಂಗಡಿ ಹುಡುಗಿಗಾಗಿ ನಿಯಮ ಮುರಿದ ಟೇಸ್ಟರ್!" ತಿಂಡಿಯ ಹೊತ್ತಿಗೆ ಅದನ್ನು ಸಾವಿರಾರು ಜನ ನೋಡಿದ್ದರು. ಅವರಲ್ಲಿ ಯಜಮಾನಿಯೂ ಒಬ್ಬರು.

ಆ ಹೆಂಗಸು ಕೂಗಾಡಲಿಲ್ಲ. ನೇರ ರುಚಿ ಕೋಣೆಗೆ ಬಂದು, ಮೌನಿಯ ಪಕ್ಕ ನಿಂತು ಒಮ್ಮೆ ಉಸಿರೆಳೆದುಕೊಂಡರು. ಆಮೇಲೆ ಅಣ್ಣನ ಮಗನ ಕಡೆ ತಿರುಗಿದರು. ಅವನಿನ್ನೂ ವಿಡಿಯೊ ನೋಡಿರಲಿಲ್ಲ.

"ಈ ಹುಡುಗಿ ಹತ್ರ ಏನು ವಾಸನೆ ಬರ್ತಿದೆ, ಹೇಳಪ್ಪ."

ಅವನು ಹತ್ತಿರ ಬಂದ. ಅವಳ ಸ್ಕಾರ್ಫಿನ ಹತ್ತಿರ ಬಗ್ಗಿದ. ಅವಳು ಕಣ್ಣು ಮುಚ್ಚಿಕೊಂಡಳು... ತುಂಬಾ ಹೊತ್ತಾಯಿತು.

"ಏನೂ ಗೊತ್ತಾಗ್ತಿಲ್ಲ ಅತ್ತೆ" ಎಂದ. "ಜ್ವರ ಬಂದಿತ್ತಲ್ಲ, ಅವತ್ತಿಂದ ಮೂಗು ಸತ್ತುಹೋಗಿದೆ. ನಿಮಗೆ ಹೇಳೋಕೆ ಧೈರ್ಯ ಬರಲಿಲ್ಲ."

ಹಾಗಾದರೆ ಮೊನ್ನೆ ಕೊಟ್ಟ ವಾಸನೆಯ ಪಟ್ಟಿ ಅಷ್ಟು ಸರಿಯಾಗಿ ಹೇಗೆ ಬಂತು, ಹುಳಿಯಾಗುತ್ತಿದ್ದ ಪೀಪಾಯಿ ಹೇಗೆ ಸಿಕ್ಕಿತು ಎಂದು ಅತ್ತೆ ಕೇಳಿದರು. ಅವನು ತಲೆ ತಗ್ಗಿಸಿ, ಅದೆಲ್ಲ ಇವರು ಹೇಳಿದ್ದು ಎಂದ.

ಮೌನಿಗೆ ಈಗ ಎಲ್ಲ ಅರ್ಥವಾಯಿತು. ಬಾಗಿಲಲ್ಲಿ ಬಿಟ್ಟಿದ್ದು ಅವನಿಗೆ ಮೂಗಿಲ್ಲದ್ದಕ್ಕೆ. ಪೀಪಾಯಿಗಳ ಹತ್ತಿರ ಕರೆದೊಯ್ದಿದ್ದು ಅವಳ ಮೂಗಿಗೆ. ಇವೆರಡರ ನಡುವೆ ಅವಳು ಎಲ್ಲಿದ್ದಳು?

*ಎಲ್ಲೂ ಇರಲಿಲ್ಲ. ಎಂದಿನ ಹಾಗೆ.*

ಮಧ್ಯಾಹ್ನದ ವ್ಯಾನಿಗೆ ಹೊರಟರು. ಅವನು ಗೇಟಿನವರೆಗೂ ಬಂದು ಏನೋ ಹೇಳಲು ನೋಡಿದ. ಅವಳು ಕಿಟಕಿ ಎಳೆದುಕೊಂಡಳು. ರೀಲ್ಸ್ ರಾಣಿ ವಿಡಿಯೊ ಅಳಿಸಿ ದಾರಿಯುದ್ದಕ್ಕೂ ಅತ್ತಳು. ಕೊನೆಗೆ ಅವಳನ್ನು ಸಮಾಧಾನ ಮಾಡುವ ಕೆಲಸವೂ ಮೌನಿಯ ಪಾಲಿಗೇ ಬಂತು. ಟೀಚರ್ ಮಾತ್ರ ಮೌನಿಯ ಕೈ ಹಿಡಿದುಕೊಂಡು ಕೂತಿದ್ದರು. ಗೆಳತಿಯರಂತೂ ಉಳಿದರು.

ವಾರದೊಳಗೆ ಯಜಮಾನಿಯ ಫೋನ್ ಬಂತು. ಕೊಯ್ಲು ಮುಗಿಯುವವರೆಗೆ ಬಂದು ವಾಸನೆ ನೋಡಿಕೊಡುತ್ತೀಯಾ ಎಂದು ಕೇಳಿದರು. ಆಗುವುದಿಲ್ಲ ಎಂದಳು. ಟೇಸ್ಟರ್‌ನಿಂದ ಒಂದು ಸಂದೇಶವೂ ಇಲ್ಲ. ಮೊಬೈಲ್ ನೋಡುವುದಿಲ್ಲ ಎಂದು ದಿನಕ್ಕೆ ಹತ್ತು ಸಲ ಶಪಥ ಮಾಡಿ, ಹತ್ತು ಸಲವೂ ನೋಡಿದಳು.

ಎರಡು ತಿಂಗಳು ಕಳೆದ ಮೇಲೆ ಒಂದು ಬುಧವಾರ ಬೆಳಿಗ್ಗೆ, ಅಂಗಡಿ ಆಗಷ್ಟೇ ತೆರೆದಿತ್ತು. ಅವಳು ಗಾಜು ಒರೆಸುತ್ತಿದ್ದಳು. ಕೌಂಟರಿನ ಆಚೆ ಅವನು ನಿಂತಿದ್ದ. ಕೈ ತುಂಬಾ ದ್ರಾಕ್ಷಿ ಕಿತ್ತ ಗಾಯಗಳು.

ಅವಳ ಕೈಯಲ್ಲಿದ್ದ ಬಟ್ಟೆ ನಿಂತಿತು.

"ಅತ್ತೆ ಕಳಿಸಿದ್ರಾ?"

"ಇಲ್ಲ."

"ಮತ್ತೆ? ಇನ್ನೂ ಎಷ್ಟು ಪೀಪಾಯಿ ಉಳಿದಿದೆ?"

ಅವನಿಗೆ ಅದು ನಾಟಿತು. ನಾಟಲಿ ಎಂದೇ ಅವಳು ಹೇಳಿದ್ದು.

"ಅತ್ತೆ ನಿನ್ನೆ ಹೊಸ ಟೇಸ್ಟರ್‌ನ ಕೆಲಸಕ್ಕೆ ಇಟ್ಕೊಂಡ್ರು" ಎಂದ ಅವನು ನಿಧಾನವಾಗಿ. "ನಾನೀಗ ತೋಟದಲ್ಲಿ ಕೆಲಸ ಮಾಡ್ತೀನಿ. ನಿಮ್ಮ ಮೂಗಿಂದ ನನಗಿನ್ನು ಏನೂ ಆಗಬೇಕಿಲ್ಲ. ಅದಕ್ಕೆ ಇವತ್ತು ಬಂದೆ. ಮೊದಲೇ ಬಂದಿದ್ರೆ ನೀವು ನಂಬ್ತಿದ್ರಾ?"

ನಂಬುತ್ತಿರಲಿಲ್ಲ ಎಂಬುದು ಅವಳಿಗೂ ಗೊತ್ತಿತ್ತು.

ವಾಸನೆಯನ್ನು ಮೊದಲು ಸ್ವಾರ್ಥಕ್ಕೇ ಕೇಳಿದ್ದು, ಸುಳ್ಳು ಹೇಳುವುದಿಲ್ಲ ಎಂದ. ಆದರೆ ಅವನಿಗೆ ಬೇಕಾದ ಪೀಪಾಯಿಗಳೆಲ್ಲ ಎರಡನೆಯ ದಿನವೇ ಮುಗಿದಿದ್ದವಂತೆ. ಮೂರನೆಯ ದಿನ ತೋರಿಸಿದ್ದು ಹೋದ ವರ್ಷವೇ ಪಟ್ಟಿಯಾಗಿದ್ದ ವೈನ್. ಅದರ ವಾಸನೆ ಯಾರಿಗೂ ಬೇಕಿರಲಿಲ್ಲ.

"ಮತ್ತೆ ಯಾಕೆ ಬರ್ಕೊಂಡ್ರಿ?"

"ಬರೆಯೋದು ನಿಲ್ಲಿಸಿದ್ರೆ ನೀವು ಎದ್ದು ಹೋಗಿಬಿಡ್ತೀರ ಅಂತ ಹೆದರಿಕೆ ಆಯ್ತು."

ಮೌನಿಯ ಕಣ್ಣು ತುಂಬಿ ಬಂತು. ಗಿರಾಕಿಯ ಎದುರು ಅಳಬಾರದೆಂಬುದು ಅಂಗಡಿಯ ನಿಯಮ. ಅವಳು ಅತ್ತಳು.

"ಮೂಗು ಸರಿಹೋಗುತ್ತಾ?" ಎಂದು ಕಣ್ಣೊರೆಸಿಕೊಂಡು ಕೇಳಿದಳು.

"ಹೋಗಬಹುದು, ಹೋಗದೇ ಇರಬಹುದು ಅಂತಾರೆ ಡಾಕ್ಟರ್."

"ಹೋಗದಿದ್ರೆ?"

"ಹೋಗದಿದ್ರೆ ಇಷ್ಟೇ, ಹೀಗೇ ಇರ್ತೀನಿ. ಸಾಕಾ?"

ಅವಳು ಕೌಂಟರಿನ ಪಕ್ಕದ ಪುಟ್ಟ ಬಾಗಿಲು ತೆಗೆದು ಹೊರಗೆ ಬಂದಳು. ಗಾಯವಾಗಿದ್ದ ಅವನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು, ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದಳು.

"ಸಾಕು" ಎಂದಳು. "ಇದಕ್ಕೆ ಔಷಧಿ ಹಚ್ಚಿದ್ದೀರಾ?"

"ಇಲ್ಲ."

"ಬನ್ನಿ, ಹಚ್ತೀನಿ."