ಬೇಕಂತಲೇ ಸೋತ ಆಟ

ಅಂಗಡಿಯವನು ಡಬ್ಬಿಯನ್ನು ಗಾಜಿನ ಮೇಜಿನ ಮೇಲಿಟ್ಟು, ಅದರ ಮೇಲೆ ಅಂಗೈ ಊರಿಕೊಂಡೇ ಕೇಳಿದ: "ಮೇಡಂ, ತಗೋತೀರಾ, ಇಲ್ವಾ? ಬುಕ್ ಮಾಡಿದ್ದೀರಿ ಅಂತ ಎತ್ತಿಟ್ಟಿದ್ದೀನಿ. ಹಿಂದೆ ನೋಡಿ, ಜನ ನನ್ನನ್ನ ಕಣ್ಣಲ್ಲೇ ನುಂಗ್ತಿದ್ದಾರೆ."

ಅವಳು ಹಿಂತಿರುಗಿ ನೋಡಿದಳು. ಕೈಯಲ್ಲಿ ಹಿಡಿದು ಆಡುವ ಹೊಸ ಗೇಮ್ ಕನ್ಸೋಲ್ ಬಿಡುಗಡೆಯಾದ ಮೊದಲ ದಿನ. ಸಾಲು ಬಾಗಿಲು ದಾಟಿ ಮೆಟ್ಟಿಲಿಳಿದಿತ್ತು. ಎಲ್ಲರಿಗೂ ಆ ಡಬ್ಬಿ ಬೇಕು. ಬೇಕೋ ಬೇಡವೋ ಎಂದು ಮೀನಮೇಷ ಎಣಿಸುತ್ತಿದ್ದವಳು ಅವಳೊಬ್ಬಳೇ.

"ಸ್ವಲ್ಪ ಹೊತ್ತು ಕೊಡಿ ಅಣ್ಣಾ. ಯೋಚನೆ ಮಾಡ್ತೀನಿ."

"ಯೋಚನೆ ಮನೇಲೇ ಮಾಡ್ಕೊಂಡು ಬರಬಾರದಾ?" ಎಂದು ಗೊಣಗುತ್ತಲೇ ಅವನು ಡಬ್ಬಿಯನ್ನು ಮೇಜಿನ ಕೆಳಗೆ ಸರಿಸಿದ.

ಮನೆಯಲ್ಲಿ ಯೋಚಿಸದೆ ಬಂದವಳೇನಲ್ಲ. ಕನ್ನಡಕದ ಅಂಗಡಿಯಲ್ಲಿ ಫ್ರೇಮಿಗೆ ಲೆನ್ಸ್ ಕೂರಿಸುತ್ತಾ ವಾರಗಟ್ಟಲೆ ಯೋಚಿಸಿದ್ದಳು. ಪರದೆ ದೊಡ್ಡದು. ಹಳೆಯ ಆಟಗಳೂ ಇದರಲ್ಲಿ ನಡೆಯುತ್ತವೆ. ಎಲ್ಲಕ್ಕಿಂತ ಹೆಚ್ಚಾಗಿ, ಯಾವ ಗುಂಡಿಯ ಕೆಲಸವನ್ನು ಯಾವ ಗುಂಡಿಗೆ ಬೇಕಾದರೂ ವಹಿಸಿಬಿಡಬಹುದು. ಆ ಒಂದು ಮಾತು ಓದಿದ ದಿನವೇ ಬುಕ್ ಮಾಡಿದ್ದಳು. ತನಗಾಗಿ ಅಲ್ಲ, ಎದುರು ಮನೆಯವನಿಗಾಗಿ.

ಎದುರು ಮನೆಯವನು ಬಡಗಿ. ಕಾರ್ ರೇಸಿನ ಆಟದಲ್ಲಿ ಎಲ್ಲಕ್ಕಿಂತ ನಿಧಾನದ ಗಾಡಿಯನ್ನೇ ಆರಿಸಿ, ಕೊನೆಯ ತಿರುವಿನಲ್ಲಿ ಅವಳನ್ನು ಹಿಂದೆ ಹಾಕಿಬಿಡುತ್ತಿದ್ದ. ಹಾಗಾಗಿ ಅವಳ ಬಾಯಲ್ಲಿ ಅವನು ಆಮೆ. ಅವನ ಬಾಯಲ್ಲಿ ಅವಳು ಕನ್ನಡಕ. ಕೆಲಸ ಮುಗಿಸಿ ಬಂದ ಸಂಜೆಗಳಲ್ಲಿ ಇಬ್ಬರೂ ತಂತಮ್ಮ ಕನ್ಸೋಲ್ ಹಿಡಿದು, ಎರಡು ಬಾಗಿಲುಗಳ ನಡುವಿನ ಮೆಟ್ಟಿಲ ಮೇಲೆ ಕೂರುತ್ತಿದ್ದರು. ಮೊಣಕಾಲಿಗೆ ಮೊಣಕಾಲು ತಾಗಿದರೆ, ತಾಗಲೇ ಇಲ್ಲವೆಂಬಂತೆ ಇಬ್ಬರೂ ಪರದೆ ನೋಡುತ್ತಿದ್ದರು. ಯಾರೂ ಕಾಲು ಸರಿಸುತ್ತಿರಲಿಲ್ಲ.

ಆಮೇಲೆ ಗರಗಸದ ಯಂತ್ರ ಅವನ ಬಲಗೈಯನ್ನು ಕಚ್ಚಿತು. ಗಾಯವೇನೋ ಮಾಯಿತು. ಹೆಬ್ಬೆರಳು, ತೋರುಬೆರಳು ಮಾತ್ರ ಹೇಳಿದ ಮಾತು ಕೇಳದಾದವು. ಅವನು ತನ್ನ ಕನ್ಸೋಲನ್ನು ಯಾರಿಗೋ ಕೊಟ್ಟುಬಿಟ್ಟ, ಬಾಗಿಲು ಹಾಕಿಕೊಂಡ.

"ಅದನ್ನ ತಂದು ಅವನ ಮುಂದೆ ಇಡಬೇಡಮ್ಮಾ," ಎಂದು ಅವನ ಅತ್ತಿಗೆ ಬೆಳಿಗ್ಗೆಯಷ್ಟೇ ಹೇಳಿದ್ದರು. "ಗಾಯದ ಮೇಲೆ ಉಪ್ಪು ಸುರಿದ ಹಾಗಾಗುತ್ತೆ. ನನ್ನ ಮೈದುನ ಎಲ್ಲಾ ತಡ್ಕೋತಾನೆ, 'ಅಯ್ಯೋ ಪಾಪ' ಅನ್ನೋದೊಂದನ್ನ ತಡ್ಕೊಳ್ಳಲ್ಲ."

ಕೊಟ್ಟರೆ ಅವನ ಮನಸ್ಸು ಮುರಿದೀತು. ಕೊಡದಿದ್ದರೆ ಆ ಬಾಗಿಲು ಹಾಗೆಯೇ ಉಳಿದೀತು. ನಿರ್ಧಾರಕ್ಕೆ ಬರಲಾಗದೆ ಅವಳು ಅಂಗಡಿಯ ಮೂಲೆಗೆ ನಡೆದಳು. ಅಲ್ಲಿ ಗಿರಾಕಿಗಳು ಆಡಿ ನೋಡಲೆಂದು ಎರಡು ಕನ್ಸೋಲ್‌ಗಳನ್ನು ಇಟ್ಟಿದ್ದರು.

ಒಂದರ ಮುಂದೆ ಎದುರು ಮನೆಯವನೇ ನಿಂತಿದ್ದ. ಯಾವಾಗಲೂ ಜೇಬಿನಲ್ಲೇ ಅಡಗಿರುತ್ತಿದ್ದ ಬಲಗೈ ಹೊರಗೆ ಬಂದಿತ್ತು.

ಸದ್ದಿಲ್ಲದೆ ಹಿಂದೆ ಸರಿಯಬೇಕೆಂದುಕೊಂಡಳು. ಅಷ್ಟರಲ್ಲಿ ಪರದೆ ಕ್ಷಣಕಾಲ ಕಪ್ಪಾಯಿತು, ಅದರಲ್ಲಿ ಅವಳ ಮುಖ ಮೂಡಿತು.

"ಕನ್ನಡಕಾ," ಎಂದ, ತಿರುಗದೆಯೇ. "ಪತ್ತೇದಾರಿ ಕೆಲಸ ಯಾವಾಗಿಂದ?"

"ನೀನು ವಾಕಿಂಗ್ ಹೋಗಿದ್ದೀಯ ಅಂದ್ರು ಅತ್ತಿಗೆ."

"ನಡ್ಕೊಂಡೇ ಬಂದೆ."

ನಗು ಬಂತು ಅವಳಿಗೆ. ಅವನು ನಗಲಿಲ್ಲ, ಆದರೆ ಕಣ್ಣಂಚು ಒಂದಿಷ್ಟು ಸಡಿಲವಾಯಿತು. ಪಕ್ಕದ ಕನ್ಸೋಲನ್ನು ಗದ್ದದಲ್ಲೇ ತೋರಿಸಿದ. "ಆಡ್ತೀಯಾ?"

ಆಡಿದರು. ಅವನು ನಡುಬೆರಳಿನಿಂದ ಗುಂಡಿ ಒತ್ತುತ್ತಿದ್ದ. ತುಟಿ ಕಚ್ಚಿ ಹಿಡಿದಿದ್ದ, ಹಣೆಯಲ್ಲಿ ಬೆವರು. ಅವಳು ಪರದೆ ನೋಡಬೇಕಾದಾಗಲೆಲ್ಲ ಆ ಬೆರಳನ್ನೇ ನೋಡುತ್ತಿದ್ದಳು. ಅವಳ ಗಾಡಿ ಬಹಳ ಮುಂದಿತ್ತು. ಕೊನೆಯ ತಿರುವಿನಲ್ಲಿ ಅವಳ ಹೆಬ್ಬೆರಳು ತಾನಾಗಿಯೇ ಮೇಲೆದ್ದಿತು. ಅವನ ಗಾಡಿ ಅವಳನ್ನು ದಾಟಿ ಗೆದ್ದಿತು.

ಅವನು ಕನ್ಸೋಲನ್ನು ಮೆಲ್ಲಗೆ ಕೆಳಗಿಟ್ಟ. "ಬೇಕಂತ ಸೋತೆ."

"ಇಲ್ಲ, ಕೈ ಜಾರ್ತು."

"ಕೈ ಜಾರೋದು ಹೇಗಿರುತ್ತೆ ಅಂತ ನನಗೆ ಹೇಳ್ಕೊಡ್ಬೇಡ."

ಬಲಗೈ ಮತ್ತೆ ಜೇಬು ಸೇರಿತು. ಜನರ ನಡುವೆ ದಾರಿ ಮಾಡಿಕೊಂಡು ಅವನು ಹೊರಟೇಬಿಟ್ಟ.

"ನಿಲ್ಲೋ ಆಮೆ!"

ಇಡೀ ಸಾಲು ತಿರುಗಿ ನೋಡಿತು. ಅವಳಿಗೆ ಅದರ ಪರಿವೆಯಿರಲಿಲ್ಲ. ಹೊರಗಿನ ಮೆಟ್ಟಿಲ ಮೇಲೆ ಅವನನ್ನು ಅಡ್ಡಗಟ್ಟಿದಳು.

"ಅಂಗಡಿಯವನು ನಿನ್ನನ್ನ ಕೇಳ್ತಿದ್ದದ್ದು ಕೇಳಿಸ್ತು. ಆ ಎತ್ತಿಟ್ಟಿರೋ ಡಬ್ಬಿ ನನಗೋಸ್ಕರಾನಾ?" ಅವನ ದನಿ ಗಟ್ಟಿಯಾಗಿತ್ತು. "ಪಾಪ ಅನ್ನಿಸ್ತಾ?"

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

"ಅನ್ನಿಸ್ತು. ಆಸ್ಪತ್ರೇಲಿ ನೋಡಿದ ದಿನ ಯಾರಿಗೆ ಅನ್ನಿಸಲ್ಲ? ಆದ್ರೆ ಪಾಪ ಅನ್ನಿಸಿದವರನ್ನ ಜನ ಒಂದ್ಸಲ ಹಣ್ಣು ಹಿಡ್ಕೊಂಡು ಹೋಗಿ ನೋಡಿ ಬರ್ತಾರೆ. ದಿನಾ ಸಂಜೆ ಖಾಲಿ ಮೆಟ್ಟಿಲ ಮೇಲೆ ಕೂತು, ಚಿಲಕ ಅಲ್ಲಾಡುತ್ತಾ ಅಂತ ಕಿವಿಗೊಟ್ಟು ಕಾಯಲ್ಲ ಕಣೋ." ಅವಳು ದಾರಿ ಬಿಡಲಿಲ್ಲ. "ನನಗೆ ಇನ್ಯಾರ ಜೊತೇಲೂ ಸೋಲೋಕೆ ಮನಸ್ಸಿಲ್ಲ. ಗೆಲ್ಲೋಕೂ ಇಲ್ಲ."

ಅವನು ಗೋಡೆಗೆ ಒರಗಿದ.

"ನೀನು ಕೂತಿರ್ತಿದ್ದೆ ಅಂತ ಗೊತ್ತಿತ್ತು," ಎಂದ. "ಬಾಗಿಲಿನ ಆಚೆ ಕಡೆ ನಾನೂ ಕೂತಿರ್ತಿದ್ದೆ."

"ಮತ್ತೆ ಹೊರಗೆ ಬರೋಕೆ ಏನು ಧಾಡಿ?"

"ಸೋಲ್ತೀನಿ ಅನ್ನೋ ಭಯ ಇರ್ಲಿಲ್ಲ. ನೀನು ಗೆಲ್ಲಿಸ್ತೀಯ ಅನ್ನೋ ಭಯ. ಇವತ್ತು ಹಾಗೇ ಮಾಡಿದೆ."

ಅವಳು ತಲೆ ತಗ್ಗಿಸಿದಳು. "ಇನ್ನೊಂದಾಟ?"

"ನಿಜವಾಗಿ ಆಡೋದಾದ್ರೆ."

ಮತ್ತೆ ಒಳಗೆ ಬಂದು, ಈ ಸಲ ನಿಜವಾಗಿಯೇ ಆಡಿದಳು. ದಯೆ ದಾಕ್ಷಿಣ್ಯ ಯಾವುದೂ ಇಟ್ಟುಕೊಳ್ಳಲಿಲ್ಲ. ಅವನ ಗಾಡಿ ಇನ್ನೂ ಸೇತುವೆಯ ಮೇಲೆ ತೆವಳುತ್ತಿರುವಾಗಲೇ ಅವಳದು ಗುರಿ ಮುಟ್ಟಿತ್ತು. ಕತ್ತೆತ್ತಿ ನೋಡಲು ಧೈರ್ಯ ಸಾಲದೆ ಹಾಗೇ ನಿಂತಳು. ಆಗ ಪಕ್ಕದಿಂದ ನಗು ಕೇಳಿತು. ತಿಂಗಳುಗಳಿಂದ ಕೇಳದ, ಹೊಟ್ಟೆಯಾಳದ ನಗು.

"ರಾಕ್ಷಸಿ! ಕರುಣೆ ಅನ್ನೋದೇ ಇಲ್ವಲ್ಲೇ ನಿನಗೆ!"

"ಬೇಡ ಅಂದಿದ್ದು ನೀನೇ."

ಅಂಗಡಿಯವನ ತಾಳ್ಮೆ ಮುಗಿದಿತ್ತು. "ಮೇಡಂ, ಯೋಚನೆ ಆಯ್ತಾ? ಉಳಿದಿರೋದೇ ಇನ್ನೆರಡು. ಒಂದು ಕೊಡ್ಲಾ, ಎರಡೂ ಬೇಕಾ?"

"ಎರಡು," ಎಂದಳು ಅವಳು.

"ಒಂದು ಸಾಕು," ಎಂದ ಅವನು.

ಅವಳ ಮುಖ ಬಾಡಿತು. ಇಷ್ಟೆಲ್ಲ ಆದಮೇಲೂ? "ನಿನಗೆ ಬೇಡ್ವಾ?"

ಅವನು ಡಬ್ಬಿಯ ಬದಿಯಲ್ಲಿದ್ದ ಬರಹವನ್ನು ಓದುವವನಂತೆ ಬಗ್ಗಿದ. ಕಿವಿಗಳೆರಡೂ ಕೆಂಪಾಗಿದ್ದವು.

"ಟಿವಿಗೆ ಜೋಡಿಸಿದ್ರೆ ಇಬ್ರೂ ಒಂದರಲ್ಲೇ ಆಡಬಹುದಂತೆ. ಒಂದೇ ಮನೇಲಿ ಎರಡು ಯಾಕೆ?"

ಮಾತು ಕಿವಿಯಿಂದ ಎದೆಗಿಳಿಯಲು ತುಸು ಹೊತ್ತು ಹಿಡಿಯಿತು. ಅವನದು ಆ ಬಾಗಿಲು, ಅವಳದು ಈ ಬಾಗಿಲು.

"ಯಾವ ಮನೆ?" ಕೇಳಿದಳು.

"ಅದನ್ನ ಇಬ್ರೂ ಸೇರಿ ಹುಡುಕೋಣ. ನೀನು ಹೂಂ ಅಂದ್ರೆ."

ಅವಳು ಅಂಗಡಿಯವನ ಕಡೆ ತಿರುಗಿದಳು. "ಅಣ್ಣಾ, ಒಂದೇ ಕೊಡಿ."

ಡಬ್ಬಿಯನ್ನು ಅವನು ಬಲಗೈಯಲ್ಲೇ ಎತ್ತಿಕೊಂಡ. ಅದು ಒಂದಿಷ್ಟು ವಾಲಿತು. ಅವಳ ಕೈ ತಟ್ಟನೆ ಮುಂದೆ ಬಂತು, ಆದರೆ ಅಲ್ಲೇ ನಿಂತಿತು. ಅವನು ಡಬ್ಬಿಯನ್ನು ತಾನೇ ಸರಿಮಾಡಿ ಎದೆಗವುಚಿಕೊಂಡು, ಖಾಲಿಯಿದ್ದ ಎಡಗೈಯನ್ನು ಅವಳತ್ತ ಚಾಚಿದ.