ರೇವಮ್ಮನ ರಿಂಗಿನಲ್ಲಿ ಮೂಡಿದ ಗಿಳಿ

ಇದು ಯುದ್ಧದ ಕಾಲದಲ್ಲಿ ನಮ್ಮ ಸೋದರತ್ತೆ ರೇವಮ್ಮನವರಿಗೆ ಆದದ್ದು, ಅವರ ಬಾಯಿಂದಲೇ ಕೇಳಿದ್ದು. ಆಗ ಅವರು ಮಳವಳ್ಳಿಯಲ್ಲಿ ಮೀನಾಕ್ಷಮ್ಮನವರ ಮನೆಗೆ ಹೋಗಿ ಮಿಷನ್ ಕಸೂತಿ ಕಲಿಯುತ್ತಿದ್ದರು. ಬಟ್ಟೆಯನ್ನು ರಿಂಗಿಗೆ ಬಿಗಿದು, ಕಾಲಲ್ಲಿ ಮಿಷನ್ ತುಳಿಯುತ್ತ, ಕೈಯಿಂದ ರಿಂಗನ್ನು ಆಡಿಸಿ ಚಿತ್ರ ಮೂಡಿಸಬೇಕು. ಎಷ್ಟು ಒದ್ದಾಡಿದರೂ ಅತ್ತೆಗೆ ಒಂದು ಎಲೆಯೂ ನೆಟ್ಟಗೆ ಬಂದಿರಲಿಲ್ಲ. "ಇವತ್ತೂ ಬರ್ನಿಲ್ಲ ಅಂದ್ರೆ ನಾಳಿಂದ ಗದ್ದೆಗೆ ನಡಿಯವ್ವ" ಎಂದು ಅವರ ಮಾವ ಹೇಳಿ ಕಳಿಸಿದ್ದರು.

ಆ ಮಧ್ಯಾಹ್ನವೂ ಸೂಜಿ ಮುರಿಯಿತು, ಬೇರೆ ಹಾಕಿದರೆ ನೂಲು ಹರಿಯಿತು. "ಆಳಾಗೋಗ್ಲಿ!" ಎಂದು ಅತ್ತೆ ರೋಸಿಹೋಗಿ ರಿಂಗನ್ನು ಬಿಟ್ಟುಬಿಟ್ಟರು. ರಿಂಗು ನಿಲ್ಲಲಿಲ್ಲ. ಮುಟ್ಟಿದರೆ, ಆ ಬಿರುಬಿಸಿಲಿನಲ್ಲೂ ಕೊರೆಯುವಷ್ಟು ತಣ್ಣಗಿತ್ತು. ಕಾಲು ತೆಗೆದರೂ ಚಕ್ರ ತಿರುಗುತ್ತಲೇ ಇತ್ತು. ನೋಡುತ್ತಿದ್ದಂತೆ ಬಟ್ಟೆಯ ಮೇಲೆ ಗಿಳಿಯೊಂದು ಮೂಡಿತು.

ಮೀನಾಕ್ಷಮ್ಮ ಅಡುಗೆಮನೆಯಿಂದ ಬಂದರು. "ಯಾರಮ್ಮ ಇದ್ನ ಆಕ್ದೋರು?"

"ಗೊತ್ತಿಲ್ಲ ಕಣಕ್ಕ, ನಾನು ಕೈನೇ ಇಟ್ಟಿರ್ನಿಲ್ಲ."

ಮೀನಾಕ್ಷಮ್ಮ ಮಿಷನ್ನಿನ ಕೆಳಗಿನ, ನೂಲು ಸುತ್ತಿಡುವ ಬಾಬಿನ್ ತೆಗೆದು ನೋಡಿದರು. ಅದರಲ್ಲಿ ನೂಲೇ ಇರಲಿಲ್ಲ. ಬಟ್ಟೆ ಮಗುಚಿ, ಹೊಲಿಗೆಯ ಒಂದೆಳೆಯನ್ನು ಉಗುರಿನಿಂದ ಎಳೆದರು. ಬಂದದ್ದು ಮೊಳದುದ್ದದ ನರೆಗೂದಲು.

ಆ ಮನೆಯಲ್ಲಿದ್ದವರು ಅವರಿಬ್ಬರೇ. ಆಗ ಇಬ್ಬರದೂ ಕಪ್ಪು ಕೂದಲು.