ಸೊನ್ನದ ಕಪ್ಪೆಚಿಪ್ಪು

ಜೇವರ್ಗಿಯ ಕಾಲೇಜಿನ ಸೆಮಿನಾರ್ ಹಾಲಿನಲ್ಲಿ ಬಸವೇಶ್ವರಿ ಮಾತು ಮುಗಿಸಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನಲ್ಲಿದ್ದ ಗುರುಲಿಂಗನ ಕೈ ಮಾತ್ರ ಮೇಲೇಳಲಿಲ್ಲ.

ಅವಳು ಅಫಜಲಪುರದವಳು, ಅವನು ಆಳಂದದವನು. ಇಬ್ಬರೂ ಒಂದೇ ಲ್ಯಾಬಿನಲ್ಲಿ ಪಿಎಚ್.ಡಿ. ಮಾಡುತ್ತಿದ್ದರು. ತಾವು ಪ್ರೋಟೀನ್ ಕಟ್ಟದೆ ಬೇರೆ ಜೀನುಗಳನ್ನು ಹತೋಟಿಯಲ್ಲಿಡುವ ಪುಟ್ಟ ಆರ್‌ಎನ್‌ಎಗಳು ಯಾವ ಪ್ರಾಣಿಗಳಲ್ಲಿ ಯಾವಾಗ ಹುಟ್ಟಿದವು ಎಂಬುದು ಅವಳ ಪ್ರಶ್ನೆ. ಬೆನ್ನೆಲುಬಿರುವ ಪ್ರಾಣಿಗಳಲ್ಲಷ್ಟೇ ಇದೆಯೆಂದು ನಂಬಿದ್ದ ಒಂದು ಆರ್‌ಎನ್‌ಎ, ಭೀಮಾ ನದಿಯ ಸೊನ್ನ ಬ್ಯಾರೇಜಿನ ಕೆಸರಿನಿಂದ ತಂದ ಕಪ್ಪೆಚಿಪ್ಪಿನಲ್ಲಿ ಅವಳಿಗೆ ಸಿಕ್ಕಿತ್ತು.

ರಿಸಲ್ಟ್ ಬಂದ ದಿನ ಅವಳು ಕಂಪ್ಯೂಟರಿನಿಂದ ತಿರುಗಿ ಅವನನ್ನು ನೋಡಿ ನಕ್ಕಿದ್ದಳು. ಕಣ್ಣಂಚು ಒದ್ದೆ, ಎಡಗೆನ್ನೆಯಲ್ಲಿ ಸಣ್ಣ ಕುಳಿ. ಅದೇ ಕ್ಷಣ ಅವನಿಗೆ ನೆನಪಾಗಿತ್ತು: ಚಿಪ್ಪಿನ ಮಾಂಸ ಕತ್ತರಿಸಿಕೊಟ್ಟವನು ತಾನು. ಮೀನು ಕತ್ತರಿಸಿದ ಬ್ಲೇಡನ್ನೇ ತೊಳೆಯದೆ ಬಳಸಿದ್ದ. ಅವಳಿಗೆ ಸಿಕ್ಕಿದ್ದು ಬ್ಲೇಡಿಗಂಟಿದ್ದ ಮೀನಿನ ಆರ್‌ಎನ್‌ಎಯೇ ಇರಬಹುದು. ಆ ನಗು ಕೆಡಿಸಲು ಮನಸ್ಸಾಗದೆ ಸುಮ್ಮನಾಗಿದ್ದ.

ಈಗ ಹಿರಿಯ ಪ್ರಾಧ್ಯಾಪಕರೊಬ್ಬರು ಎದ್ದರು. "ಚಿಪ್ಪಿನ ಸ್ಯಾಂಪಲ್‌ದಾಗ ಮೀನಿಂದು ಬ್ಯಾರೆ ಆರ್‌ಎನ್‌ಎನೂ ಕಾಣಾಕತ್ತಾವಲ್ಲವ್ವಾ. ಮೀನಿನ ಸಾರಿನ್ಯಾಗ ಅದ್ದಿದ್ದೇನು?"

ಹಾಲ್ ನಕ್ಕಿತು. ಅವಳು ಪರದೆಯ ಮೇಲಿನ ಪಟ್ಟಿಯತ್ತ ತಿರುಗಿದಳು.

ಗುರುಲಿಂಗ ಎದ್ದು ನಿಂತ. ತಲೆ ತಗ್ಗಿಸಿಯೇ ಹೇಳಿದ. "ತಪ್ಪು ಅವರ್ದಲ್ರಿ ಸರ್. ಬ್ಲೇಡ್ ತೊಳೀದೇ ಕತ್ತರಿಸಿದಾವ ನಾನು. ಗೊತ್ತಾದ ಮ್ಯಾಲೂ ಹೇಳ್ಲಿಲ್ಲ."

ಹೊರಗೆ ಅವಳು ಅವನನ್ನು ತಡೆದಳು. "ಯಾಕ ಹೇಳ್ಲಿಲ್ರಿ?"

"ನೀವು ಅಷ್ಟು ನಗೂದು ನಾ ಎಂದೂ ನೋಡಿರ್ಲಿಲ್ರಿ. ಇವತ್ತು ಬ್ಯಾಡ, ನಾಳೆ ಹೇಳೂಣು ಅಂತ ದಿನಾ ಅಂದ್ಕೊಂಡೆ. ನೀವಂದ್ರ ನನಗ ಜೀವಾ."

"ಹಂಗಿದ್ರ ಅವತ್ತೇ ಹೇಳ್ಬೇಕಿತ್ತು." ಅವಳು ಹಿಂತಿರುಗಿ ನೋಡದೆ ಬಸ್ ಹತ್ತಿದಳು.

ಹದಿನೈದು ದಿನ ಮಾತಿಲ್ಲ. ಆಮೇಲೊಂದು ಬೆಳಿಗ್ಗೆ ಅವಳ ಫೋನ್ ಬಂತು. "ಸೊನ್ನಕ್ಕ ಬರ್ರಿ. ಚಿಪ್ಪು ಮತ್ತ ಆರಿಸ್ಬೇಕು."

ಮೊಣಕಾಲುದ್ದ ಕೆಸರಿನಲ್ಲಿ ಇಬ್ಬರೂ ಚಿಪ್ಪು ಆಯ್ದರು. ಈ ಸಲ ಅವಳೇ ಕತ್ತರಿಸಿದಳು. ಎರಡು ತಿಂಗಳಿಗೆ ರಿಸಲ್ಟ್ ಬಂತು: ಚಿಪ್ಪಿನಲ್ಲಿ ಆ ಆರ್‌ಎನ್‌ಎಯ ಸುಳಿವೂ ಇರಲಿಲ್ಲ.

ಗುರುಲಿಂಗ ನೆಲ ನೋಡುತ್ತ ಕುಳಿತ. "ನನ್ನ ಮಾರಿ ನೋಡಾಕ ನಿಮಗ ಬ್ಯಾಸರಾಗಲ್ಲೇನ್ರಿ?"

"ಸಿಟ್ಟು ಐತಿ. ಭಾಳ ಐತಿ." ಅವಳು ಕುರ್ಚಿಯೆಳೆದು ಅವನ ಪಕ್ಕ ಕುಳಿತಳು. "ಆದ್ರ ಅಷ್ಟು ಮಂದಿ ಎದುರು ನನ್ನ ಸಲುವಾಗಿ ತಲಿ ತಗ್ಗಿಸಿದಾವ ನೀ ಒಬ್ಬನೇ. ಐತ್ವಾರ ಅಫಜಲಪುರಕ್ಕ ಬಾ. ಅವ್ವಗ ನಿನ್ನ ತೋರಸ್ಬೇಕು."

ಮೊದಲ ಸಲ ಅವಳು ಅವನನ್ನು 'ನೀ' ಅಂದಿದ್ದಳು. ನಾಚಿಕೆ ಇನ್ನೂ ಎದೆಯಲ್ಲೇ ಇತ್ತು. ಅದರೊಡನೆಯೇ ಅವನು ಮುಖವೆತ್ತಿ ಅವಳನ್ನು ನೋಡಿದ.